ರೂಟರ್ ಕೆಟ್ಟಿರಲಿಲ್ಲ: ಕೇಬಲ್ ಮೋಡೆಮ್ ಐಪಿ ಕೊಡದಿದ್ದಾಗ ನಾನು ಮಾಡಿದ್ದು

ಲ್ಯಾಪ್‌ಟಾಪನ್ನು ನೇರ ಮೋಡೆಮ್‌ಗೆ ಹಾಕಿದರೆ ನೆಟ್ ಬರುತ್ತದೆ, ಅದೇ ವೈರನ್ನು ರೂಟರ್‌ನ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಬರುವ ಕಿಂಡಿ) ಹಾಕಿದರೆ ಬರುವುದಿಲ್ಲ. ಇದನ್ನು ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ರೂಟರ್ ಹೋಗಿದೆ, ಹೊಸದು ತನ್ನಿ. ತಂದದ್ದೂ ಆಯಿತು, ಅದರಲ್ಲೂ ಬರಲಿಲ್ಲ. ಆ ದುಡ್ಡಿನಲ್ಲಿ ಹತ್ತಿಪ್ಪತ್ತು ಒಳ್ಳೆಯ ಪ್ಯಾಚ್ ಕೇಬಲ್ ಬರುತ್ತಿತ್ತು. ರೂಟರ್ ಸರಿಯಿಲ್ಲ ಎಂಬುದಕ್ಕೆ ಎಲ್ಲರೂ ತೋರಿಸುವ ಆ ಲ್ಯಾಪ್‌ಟಾಪ್ ಪರೀಕ್ಷೆಯೇ ರೂಟರ್‌ಗೆ ಬಾಗಿಲು ಹಾಕುತ್ತದೆ ಎಂದು ನಾನು ಹೇಳಿದಾಗ ಯಾರೂ ನಂಬಲಿಲ್ಲ. ಈಗ ಹಳೆಯ ರೂಟರೇ ಓಡುತ್ತಿದೆ.

ಮೋಡೆಮ್ ಆನ್ ಆಗುವಾಗ ಇಂಟರ್ನೆಟ್ ಕಂಪನಿಯ ಕಡೆಯಿಂದ ಒಂದು ಕಾನ್ಫಿಗ್ ಫೈಲ್ ಇಳಿಸಿಕೊಳ್ಳುತ್ತದೆ. ಅದರ ಹಿಂದೆ ಎಷ್ಟು ಸಾಧನ ಇರಬಹುದು ಎಂಬ ಸಂಖ್ಯೆ ಆ ಫೈಲಿನಲ್ಲೇ ಇರುತ್ತದೆ. ಮನೆ ಕನೆಕ್ಷನ್‌ಗಳಲ್ಲಿ ಸಾಮಾನ್ಯವಾಗಿ ಒಂದು. ಮೊದಲು ಕಂಡ ಮ್ಯಾಕ್ ವಿಳಾಸಕ್ಕೆ (ಪ್ರತಿ ಸಾಧನದ ನೆಟ್‌ವರ್ಕ್ ಪೋರ್ಟಿನ ಗುರುತಿನ ಸಂಖ್ಯೆ) ಆ ಜಾಗ ಹೋಯಿತು. ಆಮೇಲೆ ವೈರ್ ಕಿತ್ತು ರೂಟರ್‌ಗೆ ಹಾಕಿದರೆ, ರೂಟರ್ ಕೇಳುವ ಡಿಎಚ್‌ಸಿಪಿ ಕೋರಿಕೆಯನ್ನು, ಅಂದರೆ ನನಗೊಂದು ಐಪಿ ವಿಳಾಸ ಕೊಡಿ ಎಂಬ ಬೇಡಿಕೆಯನ್ನು, ಮೋಡೆಮ್ ಅಲ್ಲೇ ಬೀಳಿಸುತ್ತದೆ. ರೂಟರನ್ನು ಎಷ್ಟು ಸಲ ಫ್ಯಾಕ್ಟರಿ ರೀಸೆಟ್ ಮಾಡಿದರೂ ಪ್ರಯೋಜನವಿಲ್ಲ, ನೆನಪು ಇಟ್ಟುಕೊಂಡಿರುವುದು ಮೋಡೆಮ್.

ನಾನು ಮಾಡುವ ಕ್ರಮ ಹೀಗೆ. ಲ್ಯಾಪ್‌ಟಾಪ್ ಕಳಚುವ ಮೊದಲು ಅದರಲ್ಲಿ ಐಪಿ ರಿಲೀಸ್ (ಪಡೆದ ವಿಳಾಸ ಹಿಂದಿರುಗಿಸುವ ಆಜ್ಞೆ) ಕೊಡುತ್ತೇನೆ, ಹಳೆಯ ಲೀಸ್ (ವಿಳಾಸದ ತಾತ್ಕಾಲಿಕ ಹಂಚಿಕೆ) ಕಂಪನಿಯ ಕಡೆ ಸುಮ್ಮನೆ ನೇತಾಡಬಾರದು. ನಂತರ ಮೋಡೆಮ್, ರೂಟರ್ ಎರಡನ್ನೂ ಆಫ್ ಮಾಡಿ, ಆಫ್ ಇರುವಾಗಲೇ ಮೋಡೆಮ್‌ನಿಂದ ವ್ಯಾನ್ ಪೋರ್ಟಿಗೆ ವೈರ್ ಹಾಕಿ, ಎರಡು ನಿಮಿಷ ಬಿಡುತ್ತೇನೆ. ಮೋಡೆಮ್ ಮಾತ್ರ ಆನ್. ಆನ್‌ಲೈನ್ ಲೈಟು ಮಿಣುಕುವುದು ನಿಂತು ಗಟ್ಟಿಯಾಗಿ ಉರಿಯುವವರೆಗೆ ರೂಟರ್ ಮುಟ್ಟುವುದಿಲ್ಲ. ಮೂರರಿಂದ ಐದು ನಿಮಿಷ ಹಿಡಿಯುತ್ತದೆ. ಆಮೇಲೆ ರೂಟರ್ ಆನ್. ಬಹಳ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಈ ಕ್ರಮ ಸೋತದ್ದೂ ಉಂಟು. ಟೆಲಿಫೋನ್ ಸೌಲಭ್ಯವಿರುವ ಮೋಡೆಮ್‌ಗಳ ಹೊಟ್ಟೆಯಲ್ಲಿ ಬ್ಯಾಟರಿ ಇರಬಹುದು. ಅಡಾಪ್ಟರ್ ಕಿತ್ತರೂ ಒಂದೆರಡು ಲೈಟು ಉರಿಯುತ್ತಲೇ ಇದ್ದರೆ ಮೋಡೆಮ್ ರೀಸ್ಟಾರ್ಟೇ ಆಗಿಲ್ಲ. ತಳದಲ್ಲೋ ಪಕ್ಕದಲ್ಲೋ ಇರುವ ಮುಚ್ಚಳ ಸರಿಸಿ ಬ್ಯಾಟರಿ ಹೊರತೆಗೆಯಬೇಕು. ಇದು ತಿಳಿಯದೆ ಹತ್ತಾರು ಸಲ ಆಫ್ ಆನ್ ಮಾಡಿ ಅರ್ಧ ದಿನ ಹಾಳಾಗಿದೆ.

ಇಷ್ಟಾದರೂ ನೆಟ್ ಬರದಿದ್ದರೆ ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ ಐಪಿ ಏನಿದೆ ನೋಡಿ, ಬೇರೇನನ್ನೂ ಮುಟ್ಟಬೇಡಿ. 0.0.0.0 ಇದ್ದರೆ ಉತ್ತರವೇ ಬಂದಿಲ್ಲ. 192.168.100.10 ತರಹದ್ದು ಇದ್ದರೆ ರೂಟರ್ ಅವಸರ ಪಟ್ಟಿದೆ: ಕೆಲವು ಮೋಡೆಮ್‌ಗಳು ಲೈನ್ ಹಿಡಿಯುವ ಮುನ್ನ ತಮ್ಮದೇ ತಾತ್ಕಾಲಿಕ ವಿಳಾಸ ಹಂಚುತ್ತವೆ, ಅದನ್ನೇ ಹಿಡಿದು ಕೂತ ರೂಟರ್‌ಗೆ ಹೊರಗೆ ದಾರಿ ಇರುವುದಿಲ್ಲ. ರಿಲೀಸ್, ರಿನ್ಯೂ (ವಿಳಾಸ ಬಿಟ್ಟು ಮತ್ತೆ ಕೇಳುವುದು) ಕೊಟ್ಟರೆ ಸಾಕು. ರೂಟರನ್ನು ಕೊನೆಗೆ ಆನ್ ಮಾಡುವುದು ಇದಕ್ಕೇ. 192.168.0 ಅಥವಾ 192.168.1 ರಿಂದ ಶುರುವಾದರೆ ನಿಮ್ಮದು ಬರೀ ಮೋಡೆಮ್ ಅಲ್ಲ, ಒಳಗೆ ರೂಟರೂ ಇದೆ. ಎರಡರ ಒಳಜಾಲವೂ ಒಂದೇ ಸಂಖ್ಯೆಯಲ್ಲಿದ್ದರೆ ಪ್ಯಾಕೆಟ್ ಎತ್ತ ಹೋಗಬೇಕೆಂದು ರೂಟರ್‌ಗೆ ತಿಳಿಯುವುದಿಲ್ಲ. ನಿಮ್ಮ ರೂಟರ್‌ನ ಲ್ಯಾನ್ (ಮನೆಯೊಳಗಿನ ಜಾಲ) ವಿಳಾಸವನ್ನು 192.168.50.1 ಮಾಡಿ, ಇಲ್ಲವೇ ಮೋಡೆಮನ್ನು ಬ್ರಿಡ್ಜ್ ಮೋಡ್‌ಗೆ ಹಾಕಿ, ಆಗ ಒಳಗಿನ ರೂಟರ್ ಸುಮ್ಮನಾಗಿ ಬರೀ ಮೋಡೆಮ್ ಉಳಿಯುತ್ತದೆ. ನನ್ನ ಮಟ್ಟಿಗೆ ಬ್ರಿಡ್ಜ್ ಮೋಡೇ ಸರಿ. 100.64 ರಿಂದ 100.127 ರ ನಡುವೆ ಇದ್ದರೆ ಅದು ಕಂಪನಿಯ ಕಡೆಯ ನ್ಯಾಟ್, ಅಂದರೆ ಒಂದೇ ಹೊರವಿಳಾಸವನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ. ಹೊರಗಿನಿಂದ ಪೋರ್ಟ್ ತೆರೆಯಲಾಗದು ಅಷ್ಟೇ, ನೆಟ್ ಬಾರದಿರುವುದಕ್ಕೆ ಅದು ಕಾರಣವಲ್ಲ.

0.0.0.0 ಬಿಟ್ಟು ಅಲ್ಲಾಡದಿದ್ದರೆ ಮುಂದಿನದು ಮ್ಯಾಕ್ ಕ್ಲೋನ್, ಅಂದರೆ ಲ್ಯಾಪ್‌ಟಾಪ್‌ನ ಮ್ಯಾಕನ್ನೇ ರೂಟರ್‌ನ ವ್ಯಾನ್ ಪೋರ್ಟಿಗೆ ಕೊಡುವುದು. ಲ್ಯಾಪ್‌ಟಾಪ್‌ನ ವೈರ್ ಪೋರ್ಟಿನ ಮ್ಯಾಕ್ ಬರೆದುಕೊಳ್ಳಿ; ವೈಫೈ ಮ್ಯಾಕ್ ಬೇರೆ, ಅದನ್ನು ಹಾಕಿ ಒದ್ದಾಡಿದ ಮೇಲೆ ಈ ಮಾತು ಬರೆಯುತ್ತಿದ್ದೇನೆ. ಕ್ಲೋನ್ ಮಾಡಿದ ಮೇಲೆ ಅದೇ ಲ್ಯಾಪ್‌ಟಾಪನ್ನು ವೈರ್‌ನಲ್ಲಿ ಲ್ಯಾನ್ ಪೋರ್ಟಿಗೆ ಹಾಕಬೇಡಿ. ವ್ಯಾನ್, ಲ್ಯಾನ್ ಎರಡೂ ಒಂದೇ ಸ್ವಿಚ್ ಚಿಪ್‌ನಲ್ಲಿರುವ ಕೆಲವು ರೂಟರ್‌ಗಳು ಒಂದೇ ಮ್ಯಾಕ್ ಎರಡು ಕಡೆ ಕಂಡರೆ ಗೊಂದಲಕ್ಕೆ ಬೀಳುತ್ತವೆ. ಕ್ಲೋನ್ ಬದಲು ಸ್ವಂತ ಮ್ಯಾಕ್ ಕಟ್ಟುವ ಪ್ರಯೋಗವನ್ನೂ ಮಾಡಿದೆ. ಎರಡನೇ ಅಂಕೆ 2, 6, ಎ, ಇ ಇವುಗಳಲ್ಲಿ ಒಂದಾಗಿರಬೇಕು. ಅಲ್ಲಿ ಬೆಸ ಅಂಕೆ ಬಂದರೆ ಅದು ಮಲ್ಟಿಕ್ಯಾಸ್ಟ್ (ಒಂದು ಸಾಧನದ್ದಲ್ಲ, ಗುಂಪಿನ) ವಿಳಾಸ, ರೂಟರ್ ಒಪ್ಪಿದರೂ ಮುಂದೆ ಸಾಗದು. ಪ್ರತಿ ಬದಲಾವಣೆಗೂ ಮೋಡೆಮ್ ಮತ್ತೆ ಆಫ್ ಆಗಲೇಬೇಕು, ಇಲ್ಲದಿದ್ದರೆ ಪ್ರಯೋಗಕ್ಕೆ ಅರ್ಥವಿಲ್ಲ.

ಎಲ್ಲರನ್ನೂ ಹೆಚ್ಚು ದಾರಿ ತಪ್ಪಿಸುವುದು ವೈರ್. ಎಂಟು ಎಳೆಗಳಲ್ಲಿ 100 ಎಂಬಿಪಿಎಸ್‌ಗೆ ಬೇಕಾದ್ದು 1, 2, 3, 6 ಮಾತ್ರ. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ತುಂಡಾಗಿದ್ದರೂ ಎರಡು ತುದಿಗಳು 1, 2, 3, 6 ರ ಮೇಲೆ ಮಾತಾಡಿ ಗಿಗಾಬಿಟ್ ಎಂದು ಒಪ್ಪಿಕೊಳ್ಳುತ್ತವೆ, ಆಮೇಲೆ ಲಿಂಕ್ ಏಳುವುದಿಲ್ಲ. ವ್ಯಾನ್ ಲೈಟು ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಬಹಳ ಲ್ಯಾಪ್‌ಟಾಪ್ ಕಾರ್ಡುಗಳು ಒಂದೆರಡು ಸಲ ಸೋತ ಮೇಲೆ ತಾವೇ 100 ಕ್ಕೆ ಇಳಿದು ನಡೆಸಿಕೊಳ್ಳುತ್ತವೆ, ಎಷ್ಟೋ ರೂಟರ್‌ಗಳು ಇಳಿಯುವುದಿಲ್ಲ. ಹೀಗಾಗಿ ಅದೇ ವೈರ್‌ನಲ್ಲಿ ಲ್ಯಾಪ್‌ಟಾಪ್ ಪಾಸು, ರೂಟರ್ ಫೇಲು. ಮೊದಲು ವೈರ್ ಬದಲಿಸಿ. ಆದರೂ ಲೈಟು ಆಡಿದರೆ ನಡುವೆ ಒಂದು ಸಣ್ಣ ಸ್ವಿಚ್ ಇಟ್ಟು ನೋಡಿ. ಮಾತು ಕೂಡದ ಎರಡು ಪೋರ್ಟುಗಳ ನಡುವೆ ಅದು ಮಧ್ಯಸ್ಥ. ಆ ಸ್ವಿಚ್‌ಗೆ ಮೂರನೇ ವೈರ್ ಚುಚ್ಚಿದರೆ ಮಾತ್ರ ಇದ್ದ ಒಂದೇ ಜಾಗ ಅದಕ್ಕೆ ಹೋಗಿಬಿಡಬಹುದು.

ಸೆಟ್ಟಿಂಗ್ ಕಡೆ ಹೆಚ್ಚೇನಿಲ್ಲ. ಬೇರೆ ಕನೆಕ್ಷನ್‌ನಿಂದ ಬಂದ ರೂಟರ್ ಆದರೆ ಹಳೆಯ ಪಿಪಿಪಿಓಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ವಿಧಾನ), ವಿಲ್ಯಾನ್ ಸಂಖ್ಯೆ, ಸ್ಟ್ಯಾಟಿಕ್ ಐಪಿ (ಕೈಯಾರೆ ಹಾಕಿದ ವಿಳಾಸ) ತೆಗೆದು ಆಟೋಮ್ಯಾಟಿಕ್ ಐಪಿ ಮಾಡಿ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಉಳಿದಿದ್ದರೆ 1500 ಮಾಡಿ. ಏಸಸ್ ರೂಟರ್‌ಗಳಲ್ಲಿ ಡಿಎಚ್‌ಸಿಪಿ ಕ್ವೆರಿ ಫ್ರೀಕ್ವೆನ್ಸಿ ಎಂಬ ಆಯ್ಕೆ ಇದೆ. ಅದು ಅಗ್ರೆಸಿವ್‌ನಲ್ಲಿದ್ದರೆ ನಾರ್ಮಲ್ ಮಾಡಿ ನೋಡಿ. ಪದೇ ಪದೇ ಕೇಳುವ ರೂಟರ್‌ಗೆ ಕೆಲವು ಕಡೆ ಉತ್ತರವೇ ಬರುವುದಿಲ್ಲ.

ಐಪಿ ಬಂದು ಮತ್ತೆ ಮತ್ತೆ ಹೋಗುತ್ತಿದ್ದರೆ ರೂಟರ್ ಬಿಡಿ, 192.168.100.1 ತೆರೆದು ಸಿಗ್ನಲ್ ನೋಡಿ. ಡೌನ್‌ಸ್ಟ್ರೀಮ್ (ಮೋಡೆಮ್‌ಗೆ ಬರುವ) ಪವರ್ -7 ರಿಂದ +7 ಡಿಬಿಎಂವಿ ಒಳಗೆ, ಎಸ್ಎನ್ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬುದು) 33 ಡಿಬಿಗಿಂತ ಮೇಲೆ, ಅಪ್‌ಸ್ಟ್ರೀಮ್ (ಮೋಡೆಮ್ ಕಳಿಸುವ) ಪವರ್ 35 ರಿಂದ 49 ಡಿಬಿಎಂವಿ ಆಸುಪಾಸು ಇದ್ದರೆ ನೆಮ್ಮದಿ. ಅಪ್‌ಸ್ಟ್ರೀಮ್ 50 ದಾಟಿ ಲಾಗ್‌ನಲ್ಲಿ ಟಿ3, ಟಿ4 ಟೈಮ್‌ಔಟ್ (ಕಂಪನಿಯ ಕಡೆಯಿಂದ ಸಮಯಕ್ಕೆ ಸಂದೇಶ ಬರಲಿಲ್ಲ ಎಂಬ ದಾಖಲೆ) ಸಾಲು ಸಾಲಾಗಿ ಇದ್ದರೆ ಮೋಡೆಮ್ ಕೂಗಿ ಕೂಗಿ ಸೋಲುತ್ತಿದೆ ಎಂದರ್ಥ. ಎರಡು ಕವಲಿನ ಸ್ಪ್ಲಿಟರ್ ಸುಮಾರು 3.5 ಡಿಬಿ ತಿನ್ನುತ್ತದೆ, ನಾಲ್ಕು ಕವಲಿನದು ಸುಮಾರು 7. ಆಂಪ್ಲಿಫೈಯರ್ ತರಲು ದುಡ್ಡು ಹಾಕಬೇಡಿ. ಬೇಡದ ಸ್ಪ್ಲಿಟರ್ ತೆಗೆದು, ಎಫ್ ಕನೆಕ್ಟರ್‌ನ (ಕೇಬಲ್ ತುದಿಯ ತಿರುಚುವ ಪಿನ್ನು) ನಡು ತಂತಿ ಹಸಿರುಗಟ್ಟಿದ್ದರೆ ಹೊಸದಾಗಿ ಕತ್ತರಿಸಿ ಕಟ್ಟಿದ್ದಕ್ಕೇ ಅಪ್‌ಸ್ಟ್ರೀಮ್ 52 ರಿಂದ 46 ರ ಹತ್ತಿರ ಇಳಿದದ್ದು ನನಗೆ ನೆನಪಿದೆ.

ಕಂಪನಿಯ ಕಡೆ ವಾದ ಗೆಲ್ಲಬೇಕಾದರೆ ಪುರಾವೆ ಬೇಕು. ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ಗೆ ಹಾಕುವ ಮುಕ್ತ ತಂತ್ರಾಂಶ) ಹಾಕಿದ ರೂಟರ್‌ನಲ್ಲಿ ಟಿಸಿಪಿಡಂಪ್ (ಹೋಗಿಬರುವ ಪ್ಯಾಕೆಟ್ ತೋರಿಸುವ ಸಾಧನ) ಬಿಟ್ಟು ವ್ಯಾನ್ ಕಡೆ ಡಿಎಚ್‌ಸಿಪಿ ಮಾತು ನಡೆಯುವ 67, 68 ಪೋರ್ಟುಗಳನ್ನು ನೋಡಿದೆ. ಡಿಸ್ಕವರ್ (ವಿಳಾಸ ಕೊಡುವವರು ಯಾರಿದ್ದೀರಿ ಎಂಬ ರೂಟರ್‌ನ ಕೂಗು) ಹೋಗುತ್ತಿದೆ, ಆಫರ್ (ಅದಕ್ಕೆ ಉತ್ತರ) ಬರುತ್ತಿಲ್ಲ. ಹಾಗಿದ್ದರೆ ತಪ್ಪು ಮೋಡೆಮ್‌ನಲ್ಲಿ, ಇಲ್ಲವೇ ಅದರಿಂದ ಆಚೆ. ಆಫರ್ ಬಂದೂ ರಿಕ್ವೆಸ್ಟ್ (ಆ ವಿಳಾಸ ನನಗೆ ಬೇಕು ಎಂಬ ರೂಟರ್‌ನ ಉತ್ತರ) ಹೋಗದಿದ್ದರೆ ಮಾತ್ರ ರೂಟರನ್ನು ದೂರಿ. ಈ ಎರಡು ಸಾಲು ಓದಿ ಹೇಳಿದರೆ ರೂಟರ್ ಬದಲಿಸಿ ಎಂಬ ಮಾತು ಅಲ್ಲಿಗೇ ನಿಲ್ಲುತ್ತದೆ. ಹಳೆಯ ಮ್ಯಾಕ್ ಬಿಡಿಸಿ, ಮೋಡೆಮನ್ನು ಮತ್ತೆ ಪ್ರೊವಿಷನ್ ಮಾಡಿ (ನಿಮ್ಮ ಕಡೆ ಹೊಸದಾಗಿ ನೋಂದಾಯಿಸಿ) ಎಂದು ಕೇಳಿ.

ಇದನ್ನೆಲ್ಲ ತಾನೇ ಮಾಡಿಕೊಳ್ಳುವಂತೆ ಮೋಡೆಮ್‌ನ ಅಡಾಪ್ಟರನ್ನು ಸ್ಮಾರ್ಟ್ ಪ್ಲಗ್‌ಗೆ ಹಾಕಿ, ರೂಟರ್‌ನಲ್ಲೇ ಒಂದು ಸ್ಕ್ರಿಪ್ಟ್ ಇಟ್ಟಿದ್ದೇನೆ. ಮೊದಲ ಪ್ಲಗ್ ಕೆಲಸಕ್ಕೆ ಬರಲಿಲ್ಲ: ಅದಕ್ಕೆ ಆನ್ ಆಗಲು ಇಂಟರ್ನೆಟ್ಟೇ ಬೇಕಿತ್ತು, ಮೋಡೆಮ್ ಆಫ್ ಆದ ಮೇಲೆ ಎಲ್ಲವೂ ಕತ್ತಲೆ. ಮನೆಯ ಜಾಲದೊಳಗಿನಿಂದಲೇ ಆಜ್ಞೆ ತೆಗೆದುಕೊಳ್ಳುವ ಪ್ಲಗ್ ಬೇಕು. ಎಷ್ಟು ಪಿಂಗ್ ತಪ್ಪಿದರೆ ಆಫ್ ಮಾಡಬೇಕು, ಮತ್ತೆ ಪ್ರಯತ್ನಿಸಲು ಎಷ್ಟು ಹೊತ್ತು ಬಿಡಬೇಕು ಎಂಬ ಲೆಕ್ಕ ಕೂಡಿಸಲು ಬಹಳ ದಿನ ಹಿಡಿಯಿತು, ಅದು ನನ್ನಲ್ಲೇ ಇರಲಿ. ಆದರೆ ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ರೀಸ್ಟಾರ್ಟ್ ಆಗದಂತೆ ಕಡಿವಾಣ ಹಾಕಿ. ಇಲ್ಲದಿದ್ದರೆ ಲೈನೇ ಹೋದ ದಿನ ಅದು ರಾತ್ರಿಯಿಡೀ ಆಫ್ ಆನ್ ಮಾಡುತ್ತ ಕೂರುತ್ತದೆ.