ಮೈನ್ ಹುಡುಕುವ ಜೋಡಿ ಒಡಲಿನ ಹಡಗು: ವಿಜ್ಞಾನ ಮೇಳಕ್ಕೊಂದು ಮಾಡೆಲ್

ಮಂಗಳೂರು, ಉಡುಪಿ ಕಡೆಯ ಮಕ್ಕಳು ವಿಜ್ಞಾನ ಮೇಳಕ್ಕೆ ಕಡಲಿನದ್ದೇ ಏನಾದರೂ ಮಾಡಿದರೆ ಎಷ್ಟು ಚೆಂದ ಅಲ್ವಾ? ಕಡಲಲ್ಲಿ ಇಟ್ಟ ಮೈನ್ (ಹಡಗು ಒಡೆಯಲು ನೀರೊಳಗೆ ಇಡುವ ಸಿಡಿಗುಂಡು) ಹುಡುಕುವ ಕ್ಯಾಟಮರಾನ್, ಅಂದರೆ ನೀರಲ್ಲಿ ತೇಲುವ ಒಡಲು ಎರಡಿರುವ ಹಡಗಿನ ಮಾಡೆಲ್ ಮಾಡಿಸಿ. ದಪ್ಪ ಥರ್ಮೋಕೋಲ್, ಐಸ್‌ಕ್ರೀಮ್ ಕಡ್ಡಿ, ಫೆವಿಕಾಲ್, ಒಂದು ದಿಕ್ಸೂಚಿ, ಕಬ್ಬಿಣದ ಮೊಳೆ ಸಾಕು. ಫೆವಿಕ್ವಿಕ್ ಬೇಡ, ಥರ್ಮೋಕೋಲ್ ಕರಗಿ ಗುಳಿ ಬೀಳುತ್ತದೆ.

ಮೊದಲು ದಿಕ್ಸೂಚಿಯ ಪಕ್ಕ ಮೊಳೆ ತನ್ನಿ. ಮುಳ್ಳು ತಿರುಗುತ್ತದೆ. 1939ರಲ್ಲಿ ಜರ್ಮನಿ ಬ್ರಿಟನ್ ಕರಾವಳಿಯಲ್ಲಿ ಹಾಕಿದ ಕಾಂತೀಯ ಮೈನ್‌ಗಳು ಇದನ್ನೇ ಗುರುತಿಸುತ್ತಿದ್ದವು: ಮೇಲೆ ಕಬ್ಬಿಣದ ಹಡಗು ಬಂದರೆ ಸಿಡಿ. ಹಾಗಾಗಿ ಮೈನ್ ಹುಡುಕುವ ಹಡಗಿಗೆ ಮರದ ಮೈ, ಆಮೇಲೆ ಫೈಬರ್ ಮೈ ಬಂತು. ಫೈಬರಿನ ಮೊದಲ ಯುದ್ಧನೌಕೆ ಬ್ರಿಟನ್ನಿನ ವಿಲ್ಟನ್, 1973ರಲ್ಲಿ ಸೇವೆಗೆ ಸೇರಿತು. ಮಲ್ಪೆ ದಕ್ಕೆಯಲ್ಲಿ ಕಾಣುವ ಫೈಬರ್ ದೋಣಿಗಳಿಗೂ ಗಾಜಿನ ನಾರು, ರೆಸಿನ್ನೇ ಮೂಲ. ಮಕ್ಕಳಿಗೆ ಅಲ್ಲೇ ಮುಟ್ಟಿ ತೋರಿಸಿ.

ಈಗ ಥರ್ಮೋಕೋಲ್ ಕತ್ತರಿಸಿ. ಒಂದು ಗೇಣು ಉದ್ದ, ಎರಡು ಬೆರಳು ಅಗಲದ ಎರಡು ತುಂಡು, ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಅಡ್ಡಕ್ಕೆ ಕಡ್ಡಿ ಅಂಟಿಸಿ. ಅದೇ ಉದ್ದಕ್ಕೆ, ನಾಲ್ಕು ಬೆರಳು ಅಗಲದ ಒಂಟಿ ತುಂಡೂ ಇರಲಿ. ಎರಡನ್ನೂ ಟಬ್ಬಿನಲ್ಲಿ ತೇಲಿಸಿ, ಒಂದೇ ಬದಿಯ ಅಂಚಿನಲ್ಲಿ ನಾಣ್ಯ ಒಂದರ ಮೇಲೊಂದು ಪೇರಿಸುತ್ತಾ ಹೋಗಿ. ಒಂಟಿಯದು ಬೇಗ ವಾಲುತ್ತದೆ, ಜೋಡಿ ತಡೆದುಕೊಳ್ಳುತ್ತದೆ. ಆಸ್ಟ್ರೇಲಿಯಾದ ರಶ್‌ಕಟರ್ (1986), ಶೋಲ್‌ವಾಟರ್ (1987) ಹಡಗುಗಳು ಬರೀ 31 ಮೀಟರ್ ಉದ್ದವಿದ್ದರೂ 9 ಮೀಟರ್ ಅಗಲ ಪಡೆದದ್ದು ಹೀಗೆ. ಸಣ್ಣ ಹಡಗಿನಲ್ಲೇ ಕೆಲಸಕ್ಕೆ ವಿಶಾಲ ಡೆಕ್ಕು ಸಿಗುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. ನನ್ನ ಪ್ರಕಾರ ಮುಖ್ಯ ಭಾಗ ಮುಂದಿದೆ. ಮಣೆಯಿಂದ ನೀರು ತಳ್ಳಿ, ಮಾಡೆಲ್‌ನ ಮೂತಿಗೆ ಅಲೆ ಬರುವಂತೆ ಮಾಡಿ. ಪಕ್ಕಕ್ಕೆ ವಾಲದ ಜೋಡಿ ಒಡಲು ಹಿಂದೆ-ಮುಂದೆ ಎತ್ತಿ ಕುಕ್ಕುತ್ತದೆ. ಅಗಲದಿಂದ ಈ ಕುಕ್ಕಾಟ ನಿಲ್ಲುವುದಿಲ್ಲ, ಅದಕ್ಕೆ ಉದ್ದ ಬೇಕು. ಆ ಆಸ್ಟ್ರೇಲಿಯಾ ಹಡಗುಗಳೂ ಒರಟು ಕಡಲಲ್ಲಿ ಸರಿಯಾಗಿ ನಡೆಯಲಿಲ್ಲ. ಎರಡೇ ಕಟ್ಟಿ ನಿಲ್ಲಿಸಿ, 1999ರಿಂದ ಇಟಲಿ ವಿನ್ಯಾಸದ ಒಂಟಿ ಒಡಲಿನ ಹುವಾನ್ ಹಡಗುಗಳನ್ನು ತಂದರು.

ನಾರ್ವೆ ಜೋಡಿ ಒಡಲು ಬಿಡಲಿಲ್ಲ. 1990ರ ದಶಕದ ಓಕ್‌ಸೋಯ್, ಆಲ್ಟಾ ಹಡಗುಗಳು 55 ಮೀಟರ್ ಉದ್ದ. ಎರಡು ಒಡಲುಗಳ ನಡುವೆ ಫ್ಯಾನುಗಳು ಗಾಳಿ ತುಂಬಿ ಹಡಗನ್ನು ಮೇಲೆತ್ತುತ್ತವೆ, ನೀರಿಗೆ ತಾಗುವ ಭಾಗ ಕಡಿಮೆ, ನೀರೊಳಗೆ ಸ್ಫೋಟವಾದರೆ ಹೊಡೆತವೂ ಕಡಿಮೆ. ಇದನ್ನು ಚಾರ್ಟಿನಲ್ಲಿ ಬಿಡಿಸಿದರೆ ಸಾಕು, ಗಾಳಿ ಊದಲು ಅಂತ ನೀರಿನ ಟಬ್ ಹತ್ತಿರ ಹೇರ್ ಡ್ರೈಯರ್ ಮಾತ್ರ ತರಲೇಬೇಡಿ.