ಪುಟ ಮುಟ್ಟದೆ ಸಮೀಕ್ಷೆಯ ಪ್ರಶ್ನೆ ಬದಲಿಸುವುದು ಹೇಗೆ?

ಮುಂಬಯಿಯ ಉಪನಗರವೊಂದರ ಕನ್ನಡ ಸಂಘಕ್ಕೆ, ಸದಸ್ಯರ ಮನೆಮಾತಿನ ಸಮೀಕ್ಷೆಗೆಂದು ನೀವು ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಬರೆದುಕೊಡುತ್ತಿದ್ದೀರಿ ಎನ್ನೋಣ. ಮೊದಲ ಸಭೆಯಲ್ಲಿ ಹತ್ತೇ ಪ್ರಶ್ನೆ ಎಂದವರು ಮುಂದಿನ ಭಾನುವಾರ ಹದಿನಾಲ್ಕು ತರುತ್ತಾರೆ. ಅವರನ್ನು ದೂರಿ ಫಲವಿಲ್ಲ. ಪ್ರಶ್ನೆಗಳನ್ನು ಪುಟದಲ್ಲೇ ಬರೆದಿಟ್ಟರೆ ಪ್ರತಿ ಸಲವೂ ಅದನ್ನು ತಿದ್ದಿ ಸರ್ವರ್‌ಗೆ ಏರಿಸಬೇಕಾಗುತ್ತದೆ. ಆದ್ದರಿಂದ ಅವು ಡೇಟಾಬೇಸ್‌ನಲ್ಲಿರಬೇಕು.

ಮೊದಲಿಗೆ ಮೂರು ಟೇಬಲ್ ಮಾಡಿಕೊಳ್ಳಿ. ಪ್ರಶ್ನೆಗಳದರಲ್ಲಿ ಗುರುತಿನ ಸಂಖ್ಯೆ, ಪಠ್ಯ, ಬಗೆ, ಕ್ರಮ ಮತ್ತು ಅದು ಕಡ್ಡಾಯವೇ ಎಂಬುದಿರಲಿ. ಆಯ್ಕೆಗಳಿಗೆ ಎರಡನೆಯದು, ಉತ್ತರಗಳಿಗೆ ಮೂರನೆಯದು. ಉತ್ತರಗಳದರಲ್ಲಿ ಪ್ರಶ್ನೆಗೊಂದು ಕಾಲಂ ಮಾಡುವ ಆಸೆ ಬೇಡ.

ಬಳಿಕ ಕಂಟ್ರೋಲರ್, ಅಂದರೆ ಬ್ರೌಸರ್‌ನ ಕೋರಿಕೆಯನ್ನು ನಿಭಾಯಿಸುವ ಜಾವಾ ಭಾಗ, ಪ್ರಶ್ನೆಗಳನ್ನು ಕ್ರಮವಾಗಿ ಓದಿ ಪುಟಕ್ಕೆ ಒಪ್ಪಿಸಲಿ. ಪುಟ ಕಟ್ಟಿಕೊಡುವ ಥೈಮ್‌ಲೀಫ್ ಎಂಬ ಟೆಂಪ್ಲೇಟ್ ಸಾಧನವನ್ನು ಬಳಸುವವರು ‘ಈಚ್’ನಿಂದ ಪಟ್ಟಿಯನ್ನು ಸುತ್ತಿ, ‘ಸ್ವಿಚ್’ನಿಂದ ಬಗೆ ನೋಡಿ ರೇಡಿಯೋ ಬಟನ್, ಚೆಕ್‌ಬಾಕ್ಸ್ ಅಥವಾ ಬರೆಯುವ ಪೆಟ್ಟಿಗೆಯನ್ನು ಮೂಡಿಸಬಹುದು, ಜಾವಾದಲ್ಲಿ ಪುಟ ಕಟ್ಟುವ ಇನ್ನೊಂದು ವಿಧಾನವಾದ ಜೆಎಸ್‌ಪಿಯಲ್ಲಾದರೆ ಜೆಎಸ್‌ಟಿಎಲ್ ಎಂಬ ಟ್ಯಾಗ್ ಸಂಗ್ರಹದ ‘ಫಾರ್‌ಈಚ್’ ಮತ್ತು ‘ಚೂಸ್’ ಇದೇ ಕೆಲಸ ಮಾಡುತ್ತವೆ. ಪ್ರತಿ ಪೆಟ್ಟಿಗೆಯ ಹೆಸರನ್ನು ಪ್ರಶ್ನೆಯ ಗುರುತಿನ ಸಂಖ್ಯೆಯಿಂದಲೇ ಕಟ್ಟಿ, ಪಟ್ಟಿಯಲ್ಲಿ ಅದು ಎಷ್ಟನೆಯದು ಎಂಬುದರಿಂದಲ್ಲ. ಇಲ್ಲವಾದರೆ, ಒಬ್ಬರು ಫಾರ್ಮ್ ತುಂಬುತ್ತಿರುವಾಗಲೇ ಕಾರ್ಯದರ್ಶಿ ಕ್ರಮ ಬದಲಿಸಿದರೆ, ಐದನೆಯದರ ಉತ್ತರ ಆರನೆಯದರ ಖಾತೆಗೆ ಸೇರಿಬಿಡುತ್ತದೆ.

ಉತ್ತರ ಓದುವಾಗಲೇ ಹೆಚ್ಚಿನ ತಪ್ಪುಗಳಾಗುವುದು. ‘ಮನೆಯಲ್ಲಿ ಯಾವ ಭಾಷೆಗಳನ್ನು ಮಾತನಾಡುತ್ತೀರಿ?’ ಎಂಬ 17ನೆಯ ಗುರುತಿನ ಪ್ರಶ್ನೆಗೆ ಕನ್ನಡ, ತುಳು, ಕೊಂಕಣಿ, ಮರಾಠಿ ಎಂಬ ನಾಲ್ಕು ಚೆಕ್‌ಬಾಕ್ಸ್‌ಗಳಿವೆ. ತುಳು ಮತ್ತು ಮರಾಠಿಗೆ ಗುರುತು ಹಾಕಿದರೆ ಬ್ರೌಸರ್ ಒಂದೇ ಹೆಸರನ್ನು ಎರಡು ಸಲ ಕಳುಹಿಸುತ್ತದೆ. ಹೆಸರು ಕೊಟ್ಟು ಉತ್ತರ ಪಡೆಯುವ ಜಾವಾದ ‘ಗೆಟ್‌ಪ್ಯಾರಾಮೀಟರ್’ ಮೊದಲನೆಯದನ್ನು ಮಾತ್ರ ಕೊಡುವುದರಿಂದ ಮರಾಠಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಇಲ್ಲಿ ಎಲ್ಲವನ್ನೂ ಕೊಡುವ ‘ಗೆಟ್‌ಪ್ಯಾರಾಮೀಟರ್‌ವ್ಯಾಲ್ಯೂಸ್’ ಬೇಕು. ಯಾವುದಕ್ಕೂ ಗುರುತು ಹಾಕದಿದ್ದರೆ ಆ ಹೆಸರೇ ಬರುವುದಿಲ್ಲ, ಕೈಗೆ ಸಿಗುವುದು ನಲ್, ಅಂದರೆ ಏನೂ ಇಲ್ಲ. ಆದ್ದರಿಂದ ಬಂದ ಉತ್ತರಗಳನ್ನಲ್ಲ, ಡೇಟಾಬೇಸ್‌ನ ಪ್ರಶ್ನೆಗಳನ್ನು ಒಂದೊಂದಾಗಿ ಹಿಡಿದು ಪರಿಶೀಲಿಸಿ. ಕಡ್ಡಾಯವೆಂದು ನಾಲ್ಕೂ ಚೆಕ್‌ಬಾಕ್ಸ್‌ಗೆ ‘ರಿಕ್ವಯರ್ಡ್’ ಹಚ್ಚಿದರೆ, ನಾಲ್ಕೂ ಭಾಷೆ ಆಡುವವರಷ್ಟೇ ಮುಂದೆ ಹೋಗಬಲ್ಲರು!

‘ಮಕ್ಕಳಿದ್ದಾರೆ’ ಎಂದವರಿಗಷ್ಟೇ ‘ಅವರು ಕನ್ನಡ ಓದಬಲ್ಲರೇ?’ ಎಂದು ಕೇಳಬೇಕಾದಾಗ ಜಾವಾಸ್ಕ್ರಿಪ್ಟ್‌ನಿಂದ ಆ ಪ್ರಶ್ನೆಯನ್ನು ಬರಿದೆ ಮರೆಮಾಡಿದರೆ ಸಾಲದು. ಮರೆಯಾದ ಪೆಟ್ಟಿಗೆಯಲ್ಲಿರುವುದೂ ಸರ್ವರ್ ತಲುಪುತ್ತದೆ. ಅದನ್ನು ‘ಡಿಸೇಬಲ್’ ಮಾಡಿ, ಸರ್ವರ್‌ನಲ್ಲೂ ಅದೇ ನಿಯಮವನ್ನು ಮತ್ತೆ ನೋಡಿ.

ಇನ್ನು ಪ್ರಶ್ನೆ ತಿದ್ದುವ ಪುಟ. ಒಂದಾದರೂ ಉತ್ತರ ಬಂದಿರುವ ಪ್ರಶ್ನೆಯ ಅರ್ಥ ಬದಲಾಗುವಂತೆ ಪಠ್ಯ ತಿದ್ದಲು ಅಲ್ಲಿ ಅವಕಾಶವಿರಬಾರದು. ಹಳೆಯದನ್ನು ಅಳಿಸದೆ ನಿಷ್ಕ್ರಿಯಗೊಳಿಸಿ, ತಿದ್ದಿದ್ದನ್ನು ಹೊಸ ಗುರುತಿನ ಸಂಖ್ಯೆಯೊಂದಿಗೆ ಸೇರಿಸಿ.