ಟ್ರ್ಯಾಕ್ ತಿರುವಿನಲ್ಲಿ ಆಯಿಲ್ ಪ್ರೆಶರ್ ಬೀಳದಂತೆ ಕಾರು ಸಿದ್ಧ ಮಾಡುವುದು ಹೇಗೆ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಕಾರು ಒಯ್ಯುವವರು ಮೊದಲು ಹಾಕಿಸುವುದು ಒಳ್ಳೆ ಟೈರು, ಒಳ್ಳೆ ಬ್ರೇಕ್ ಪ್ಯಾಡು. ಹಾಕಿಸಲೇಬೇಕು. ಆದರೆ ಟೈರಿನ ಹಿಡಿತ ಹೆಚ್ಚಿದಷ್ಟೂ ತಿರುವಿನಲ್ಲಿ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯ, ಅಂದರೆ ಚೇಂಬರಿನೊಳಗಿನ ಆಯಿಲ್ ಒಂದೇ ಗೋಡೆಗೆ ಒತ್ತರಿಸುತ್ತದೆ. ಬೆಂಗಳೂರು ಹೈವೇಯಲ್ಲಿ ವರ್ಷಗಟ್ಟಲೆ ಓಡಿದರೂ ತಕರಾರು ಮಾಡದ ಎಂಜಿನ್ ಟ್ರ್ಯಾಕಿಗಿಳಿದ ಒಂದೇ ದಿನಕ್ಕೆ ಬೇರಿಂಗ್ ಕಳೆದುಕೊಳ್ಳಲು ಇದೇ ಕಾರಣ.

ಪಕ್ಕಕ್ಕೆ 1 ಜಿ ಬಲ ಬಿದ್ದರೆ ಆಯಿಲಿನ ಮೇಲ್ಮೈ 45 ಡಿಗ್ರಿ ಓರೆಯಾಗುತ್ತದೆ. ಬಲ ತಿರುವಿನಲ್ಲಿ ಎಡಕ್ಕೆ ಏರುತ್ತದೆ, ಜೋರು ಬ್ರೇಕಿನಲ್ಲಿ ಮುಂದಕ್ಕೆ ನುಗ್ಗುತ್ತದೆ. ಪಂಪು ಆಯಿಲ್ ಹೀರುವ ಜಾಲರಿ ಕೊಳವೆಯಾದ ಸ್ಟ್ರೈನರಿನ ಬಾಯಿ ಬರಿದಾದ ಕ್ಷಣ ಪಂಪು ಗಾಳಿ ಎಳೆಯುತ್ತದೆ. ಸ್ವಿಫ್ಟ್, ಪೋಲೋ ತರಹದ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುವುದರಿಂದ ತಿರುವಿನಲ್ಲಿ ಆಯಿಲಿಗೆ ಚೇಂಬರಿನ ಉದ್ದಕ್ಕೂ ಓಡಲು ಜಾಗ ಸಿಗುತ್ತದೆ. ಇದರ ಜೊತೆಗೆ, ಆರ್‌ಪಿಎಂ ಏರಿದಾಗ ಎಂಜಿನ್ನಿನ ಮೇಲ್ಭಾಗದ ಹೆಡ್ಡಿಗೆ ಹೋದ ಆಯಿಲ್ ಅಷ್ಟೇ ವೇಗದಲ್ಲಿ ಕೆಳಗಿಳಿಯುವುದಿಲ್ಲ. ಹಾಗಾಗಿ ಚಿಕ್ಕ ಹೇರ್‌ಪಿನ್ನಿಗಿಂತ ಉದ್ದನೆಯ ವೇಗದ ತಿರುವೇ ಹೆಚ್ಚು ಅಪಾಯ. 6000 ಆರ್‌ಪಿಎಂ ಎಂದರೆ ಸೆಕೆಂಡಿಗೆ 100 ಸುತ್ತು. ಒಂದು ಸೆಕೆಂಡು ಗಾಳಿ ಹೋದರೂ ಪಿಸ್ಟನ್ ರಾಡು ಕ್ರ್ಯಾಂಕಿಗೆ ಕೂರುವ ಬಿಗ್ ಎಂಡ್ ಬೇರಿಂಗ್ ನೂರು ಸುತ್ತು ಸರಿಯಾದ ಆಯಿಲ್ ಪದರವಿಲ್ಲದೆ ತಿರುಗಿದಂತೆ.

ಮೊದಲು ಕಾಯಿಲೆ ಯಾವುದು ನೋಡಿ

ಡ್ಯಾಶ್‌ಬೋರ್ಡಿನ ಆಯಿಲ್ ಲೈಟನ್ನು ನಂಬಬೇಡಿ. ಪ್ರೆಶರ್ ಸುಮಾರು ಅರ್ಧ ಬಾರ್‌ಗಿಂತ ಕೆಳಗೆ ಬಿದ್ದ ಮೇಲಷ್ಟೇ ಅದು ಉರಿಯುತ್ತದೆ. ಐಡಲಿಂಗಿಗೆ ಅದು ಸಾಕು, 6000 ಆರ್‌ಪಿಎಂನಲ್ಲಿ ಅಷ್ಟರೊಳಗೆ ಬೇರಿಂಗ್ ಹೋಗಿರುತ್ತದೆ. ಪ್ರೆಶರ್, ಟೆಂಪರೇಚರ್ ಎರಡೂ ತೋರಿಸುವ ಗೇಜ್ ಹಾಕಿಸಿ. ಫಿಲ್ಟರಿನ ಬುಡಕ್ಕೆ ಕೂರುವ ಸ್ಯಾಂಡ್‌ವಿಚ್ ಪ್ಲೇಟಿನಲ್ಲಿ ಎರಡು ಸೆನ್ಸರಿಗೂ ಜಾಗ ಇರುತ್ತದೆ. ಭಾರವಾದ ಪ್ರೆಶರ್ ಸೆಂಡರನ್ನು (ಗೇಜಿಗೆ ಅಂಕಿ ಕಳಿಸುವ ಸೆನ್ಸರ್) ಹಿತ್ತಾಳೆ ಟೀಗೆ (T ಆಕಾರದ ಪೈಪ್ ಜೋಡಣೆ) ನೇರವಾಗಿ ನೇತುಹಾಕಬಾರದು. ಕಂಪನಕ್ಕೆ ಟೀ ಬಿರುಕುಬಿಟ್ಟರೆ ಇದ್ದಬದ್ದ ಆಯಿಲೆಲ್ಲ ನೆಲಕ್ಕೆ. ಬ್ರೇಡೆಡ್ ಹೋಸ್ ಎಳೆದು ಸೆಂಡರನ್ನು ಬಾಡಿಗೆ ಕ್ಲಾಂಪ್ ಮಾಡಿ. ಎಚ್ಚರಿಕೆಯ ಲೈಟನ್ನು 2 ಬಾರ್‌ಗೆ, 3000 ಆರ್‌ಪಿಎಂ ಮೇಲೆ ಮಾತ್ರ ಉರಿಯುವಂತೆ ಸೆಟ್ ಮಾಡಿಸಿ. ಗಾಡಿ ಓಡಿಸುವಾಗ ಮುಳ್ಳು ನೋಡಲು ಆಗುವುದಿಲ್ಲ. ಆದ್ದರಿಂದ ಲಾಗರ್ ಇದ್ದರೆ ಸೆಕೆಂಡಿಗೆ ಕನಿಷ್ಠ 10 ಸಲ ದಾಖಲಿಸುವಂತಿರಲಿ.

ದಾಖಲೆಯಲ್ಲಿ ನೋಡಬೇಕಾದದ್ದು ಒಂದೇ. ಎಂಜಿನ್ ಬಿಸಿಯಾದ ಮೇಲೆ ನೇರ ರಸ್ತೆಯಲ್ಲೂ ಪ್ರೆಶರ್ ಕಮ್ಮಿ ಇದೆಯೋ, ಅಥವಾ ತಿರುವಿನಲ್ಲಿ ಮಾತ್ರ ಕುಸಿಯುತ್ತದೆಯೋ? ಸಾವಿರ ಆರ್‌ಪಿಎಂಗೆ ಸುಮಾರು 0.7 ಬಾರ್ ಎಂಬುದು ರೂಢಿಯ ಲೆಕ್ಕ. ನಿಮ್ಮ ಎಂಜಿನ್ನಿನ ಮ್ಯಾನುವಲ್ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ಎಲ್ಲೆಡೆ ಕಮ್ಮಿ ಇದ್ದರೆ ಆಯಿಲ್ ತೆಳುವಾಗಿದೆ, ಬೇರಿಂಗ್ ಸವೆದಿದೆ ಅಥವಾ ಪಂಪು ಸೋತಿದೆ. ತಿರುವಿನಲ್ಲಿ ಮಾತ್ರ ಬಿದ್ದರೆ ಸ್ಟ್ರೈನರ್ ಗಾಳಿ ಕುಡಿಯುತ್ತಿದೆ. ಎರಡನೆಯದಕ್ಕೆ ಹೊಸ ಪಂಪು, ಹೆಚ್ಚಿದ ಪ್ರೆಶರ್ ಬಿಡುವ ರಿಲೀಫ್ ವಾಲ್ವಿಗೆ ಗಟ್ಟಿ ಸ್ಪ್ರಿಂಗು ಹಾಕಿಸುವುದು ದುಡ್ಡು ದಂಡ. ಗಾಳಿಯನ್ನು ಎಷ್ಟು ಜೋರಾಗಿ ತಳ್ಳಿದರೂ ಅದು ಆಯಿಲ್ ಆಗುವುದಿಲ್ಲ.

ಆಯಿಲ್, ಮಟ್ಟ, ಬಿಸಿ

ಮ್ಯಾನುವಲ್ ಒಪ್ಪುವುದಾದರೆ ಟ್ರ್ಯಾಕ್ ದಿನಕ್ಕೆ ಫುಲ್ ಸಿಂಥೆಟಿಕ್ 5ಡಬ್ಲ್ಯು-40 ಹಾಕಿ. 100 ಡಿಗ್ರಿಯಲ್ಲಿ 30ರ ಗ್ರೇಡಿನ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್, 40ರದ್ದು 12.5ರಿಂದ 16.3, ಅಂದರೆ ಬಿಸಿಯಲ್ಲೂ 40 ಹೆಚ್ಚು ದಪ್ಪ ಉಳಿಯುತ್ತದೆ. ಆಯಿಲ್ 120 ಡಿಗ್ರಿಯವರೆಗೆ ಇದ್ದರೆ ಚಿಂತೆಯಿಲ್ಲ. 130 ಮುಟ್ಟಿದರೆ ವೇಗ ಇಳಿಸಿ ಪಿಟ್ಟಿಗೆ ಬನ್ನಿ. ಪದೇಪದೇ ಮುಟ್ಟುತ್ತಿದ್ದರೆ ಥರ್ಮೋಸ್ಟಾಟ್ ಇರುವ ಆಯಿಲ್ ಕೂಲರ್ ಬೇಕು.

ಮಟ್ಟ ಮ್ಯಾಕ್ಸ್ ಗುರುತಿಗೇ ಇರಲಿ. ಊರಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಟ್ರ್ಯಾಕ್ ಮುಟ್ಟುವಷ್ಟರಲ್ಲಿ ನೂರಾರು ಕಿ.ಮೀ. ಓಡಿರುತ್ತದೆ. ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಿಕ್ ನೋಡಿ, ಪ್ರತಿ ಸೆಷನ್ ಆದಮೇಲೂ ನೋಡಿ. ಮ್ಯಾಕ್ಸ್ ಮೇಲೆ ಸ್ವಲ್ಪ ಹೆಚ್ಚು ಹಾಕುವ ಅಭ್ಯಾಸ ಉಂಟು. ಚಿಕ್ಕ ಎಂಜಿನ್ನಿಗೆ 300 ಮಿ.ಲೀ. ದಾಟಬೇಡಿ. ಅದಕ್ಕಿಂತ ಹೆಚ್ಚಾದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ಎಂಜಿನ್ ಒಳಗಿನ ಗಾಳಿ ಬಿಡುವ ಬ್ರೀದರ್ ಮೂಲಕ ಇನ್‌ಟೇಕಿಗೂ ಆಯಿಲ್ ಎಸೆಯುತ್ತದೆ. ನೊರೆಯೂ ಪಂಪಿಗೆ ಗಾಳಿಯೇ.

ಚೇಂಬರಿಗೆ ಬ್ಯಾಫಲ್

ನಿಜವಾದ ಪರಿಹಾರ ಇಲ್ಲಿದೆ: ಆಯಿಲ್ ಆಚೀಚೆ ಓಡದಂತೆ ಚೇಂಬರಿನೊಳಗೆ ಹಾಕುವ ತಡೆಗೋಡೆ, ಅಂದರೆ ಬ್ಯಾಫಲ್. ನಿಮ್ಮ ಎಂಜಿನ್ನಿಗೆ ರೆಡಿಮೇಡ್ ಬ್ಯಾಫಲ್ ಸಿಕ್ಕರೆ ಅದನ್ನೇ ತನ್ನಿ. ಸಿಗದಿದ್ದರೆ ದೂರ ಹೋಗಬೇಕಾಗಿಲ್ಲ. ಮೈಸೂರು ಕಿರ್ಲೋಸ್ಕರ್ ಲೇಥ್ ತಯಾರಿಸುತ್ತಿದ್ದ ಹರಿಹರ ಪಕ್ಕದಲ್ಲೇ ಇದೆ, ಅಳತೆ ಕೊಟ್ಟರೆ ಅಳತೆಗೆ ತಕ್ಕಂತೆ ಮಾಡುವ ಕೈಗಳು ಈ ಭಾಗದಲ್ಲಿ ಕಮ್ಮಿಯಿಲ್ಲ.

ಸ್ಟ್ರೈನರ್ ಸುತ್ತ ನಾಲ್ಕು ಗೋಡೆಯ ಪೆಟ್ಟಿಗೆ ಕಟ್ಟಬೇಕು. ತಗಡಿನ ಚೇಂಬರಾದರೆ 1.6 ಮಿ.ಮೀ. ಮೈಲ್ಡ್ ಸ್ಟೀಲ್ ಶೀಟ್. ಅಲ್ಯೂಮಿನಿಯಂ ಚೇಂಬರಾದರೆ ಅಲ್ಯೂಮಿನಿಯಂ ಶೀಟ್, ಟಿಗ್ ವೆಲ್ಡಿಂಗೇ ಆಗಬೇಕು. ಎರಡು ಗೋಡೆಗಾದರೂ ಒಳಮುಖವಾಗಿ ಮಾತ್ರ ತೆರೆಯುವ ಪುಟ್ಟ ಬಾಗಿಲು ಇಡಿ. ಆಯಿಲ್ ಒಳಗೆ ಬರಬಹುದು, ತಿರುವಿನಲ್ಲಿ ಹೊರಹೋಗಲು ನೋಡಿದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಹಿಂಜಿನ ಪಿನ್ನಿನ ಎರಡೂ ತುದಿ ವೆಲ್ಡ್ ಆಗಿರಲಿ, ಕಳಚಿ ಬಿದ್ದರೆ ಚೇಂಬರಿನಲ್ಲೇ ಅಲೆಯುತ್ತದೆ. ಗೋಡೆಯ ಮೇಲೆ ಮುಚ್ಚಳದ ಪಟ್ಟಿಯೂ ಬೇಕು, ಇಲ್ಲದಿದ್ದರೆ ಆಯಿಲ್ ಗೋಡೆ ಹತ್ತಿ ಆಚೆ ಬೀಳುತ್ತದೆ. ಮುಚ್ಚಳಕ್ಕೆ ರಾಡ್ ತಾಗದಂತೆ ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ ಅಂತರ ಪರೀಕ್ಷಿಸಿ.

ವೆಲ್ಡ್ ಬಿಸಿಗೆ ಚೇಂಬರಿನ ಅಂಚು ಸೊಟ್ಟಗಾಗುತ್ತದೆ. ಅದನ್ನು ದಪ್ಪ ಪ್ಲೇಟಿಗೋ ಹಳೆಯ ಬ್ಲಾಕಿಗೋ ಬೋಲ್ಟ್ ಬಿಗಿದೇ ವೆಲ್ಡ್ ಮಾಡಿಸಿ. ವೆಲ್ಡಿನ ಗುಂಡುಗಳನ್ನು ಒಂದೂ ಉಳಿಯದಂತೆ ಕೆರೆದು ತೊಳೆದು, ಡೀಸೆಲ್ ತುಂಬಿ ಒಂದು ರಾತ್ರಿ ಬಿಟ್ಟು ಸೋರಿಕೆ ನೋಡಿ. ಸ್ಟ್ರೈನರಿಗೂ ಚೇಂಬರ್ ತಳಕ್ಕೂ 6ರಿಂದ 10 ಮಿ.ಮೀ. ಅಂತರ ಬೇಕು. ಸ್ಟ್ರೈನರ್ ಬಾಯಿಗೆ ಮೆತ್ತನೆ ಜೇಡಿ ಅಂಟಿಸಿ, ಚೇಂಬರ್ ಒಮ್ಮೆ ಕೂರಿಸಿ ತೆಗೆದು ಜೇಡಿಯ ದಪ್ಪ ಅಳೆಯಿರಿ. ಅಳೆದಾದ ಮೇಲೆ ಜಾಲರಿಯಲ್ಲಿ ಚೂರೂ ಉಳಿಯಬಾರದು. ಸ್ಟ್ರೈನರ್ ಪೈಪಿನ ಓ-ರಿಂಗ್ ಹೊಸದಾಗಿರಲಿ, ಗಟ್ಟಿಯಾದ ಹಳೆಯದು ನೇರ ರಸ್ತೆಯಲ್ಲೂ ಗಾಳಿ ಎಳೆಯುತ್ತದೆ. ಗ್ಯಾಸ್ಕೆಟ್ ಅಂಟು 3 ಮಿ.ಮೀ. ಎಳೆ ಸಾಕು. ದಪ್ಪಗೆ ಹಚ್ಚಿದರೆ ಒಳಕ್ಕೆ ಉಬ್ಬಿದ್ದು ಕಿತ್ತುಬಂದು ಸ್ಟ್ರೈನರ್ ಕಟ್ಟುತ್ತದೆ.

ಬ್ಯಾಫಲ್ ಹಾಕಿದ ಮೇಲೂ ದಾಖಲೆಯಲ್ಲಿ ಕುಸಿತ ಕಂಡರೆ ಆಯಿಲ್ ಅಕ್ಯುಮುಲೇಟರ್ ನೋಡಬಹುದು: ಒತ್ತಡದಲ್ಲಿ 2-3 ಲೀಟರ್ ಆಯಿಲ್ ಹಿಡಿದಿಟ್ಟು, ಪ್ರೆಶರ್ ಬಿದ್ದೊಡನೆ ಕೆಲವು ಸೆಕೆಂಡು ಬೇರಿಂಗಿಗೆ ತಳ್ಳುವ ಸಿಲಿಂಡರ್. ಆಯಿಲನ್ನು ಬೇರೆ ಟ್ಯಾಂಕಿನಲ್ಲಿಡುವ ಡ್ರೈ ಸಂಪ್ ರೇಸ್ ಕಾರಿನ ಮಾತು.

ಓಡಿಸುವಾಗ, ಓಡಿಸಿದ ಮೇಲೆ

ಆಯಿಲ್ 80 ಡಿಗ್ರಿ ಮುಟ್ಟುವವರೆಗೆ ಪೂರ್ತಿ ಆಕ್ಸಿಲರೇಟರ್ ಒತ್ತಬೇಡಿ. ಉದ್ದ ತಿರುವನ್ನು ಒಂದು ಗೇರ್ ಮೇಲಿಟ್ಟು ತೆಗೆದುಕೊಂಡರೆ ಆರ್‌ಪಿಎಂ ಇಳಿದು ಬೇರಿಂಗಿನ ಭಾರವೂ ಹೆಡ್ಡಿನಲ್ಲಿ ಸಿಕ್ಕುವ ಆಯಿಲೂ ಕಮ್ಮಿಯಾಗುತ್ತದೆ. ಲೈಟ್ ಮಿಂಚಿದರೆ ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ನಿಧಾನಕ್ಕೆ ನೇರ ಮಾಡಿ. ನೇರಕ್ಕೆ ಬಂದ ಮೇಲೂ ಆರದಿದ್ದರೆ ಕ್ಲಚ್ ಒತ್ತಿ, ಎಂಜಿನ್ ಆಫ್ ಮಾಡಿ, ಲೈನಿನಿಂದ ಪಕ್ಕಕ್ಕೆ ಸರಿಯಿರಿ. ಕೀ ಪೂರ್ತಿ ತಿರುಗಿಸಿ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ.

ಮನೆಗೆ ಬಂದ ಮೇಲೆ ಹಳೆಯ ಫಿಲ್ಟರನ್ನು ಎಸೆಯಬೇಡಿ. ತಗಡನ್ನು ಫಿಲ್ಟರ್ ಕಟರಿನಿಂದ ಬಿಚ್ಚಿ (ಗ್ರೈಂಡರ್ ಬೇಡ, ಅದರ ಪುಡಿಯೇ ದಾರಿ ತಪ್ಪಿಸುತ್ತದೆ), ಕಾಗದದ ಮಡಿಕೆಗಳನ್ನು ಕತ್ತರಿಸಿ, ಹಿಂಡಿ, ಬಿಸಿಲಿನಲ್ಲಿ ಹರಡಿ. ಅಯಸ್ಕಾಂತಕ್ಕೆ ಅಂಟಿದ್ದು ಕಬ್ಬಿಣ. ಅಂಟದೆ ತಾಮ್ರದ ಬಣ್ಣಕ್ಕೋ ಬೆಳ್ಳಗೋ ಹೊಳೆಯುವ ಚೂರು ಬೇರಿಂಗಿನದ್ದಾಗಿರಬಹುದು. ಅಂಥದ್ದು ಕಂಡರೆ ಇನ್ನೊಂದು ಸೆಷನ್ನಿಗೆ ಇಳಿಸಬೇಡಿ. ಚೇಂಬರ್ ಇಳಿಸಿ ರಾಡ್ ಕ್ಯಾಪ್‌ಗಳನ್ನು ಒಂದೊಂದಾಗಿ ತೆಗೆದು ಶೆಲ್ (ಬೇರಿಂಗಿನ ಅರ್ಧವೃತ್ತದ ತುಂಡು) ನೋಡಿ, ಯಾವ ಕ್ಯಾಪ್ ಯಾವ ರಾಡಿನದೆಂದು ಗುರುತು ಹಾಕಿಕೊಳ್ಳಿ. ಕ್ರ್ಯಾಂಕ್ ಗೀಚಿರದಿದ್ದರೆ ಹೊಸ ಶೆಲ್ಲಿನಲ್ಲಿ ಮುಗಿಯುತ್ತದೆ, ಗೀಚಿದ್ದರೆ ಗ್ರೈಂಡಿಂಗ್ ಮತ್ತು ಅಂಡರ್‌ಸೈಜ್ ಶೆಲ್. ಹಿಗ್ಗುವ ಬಗೆಯ ರಾಡ್ ಬೋಲ್ಟ್ ಆಗಿದ್ದರೆ ಬಿಚ್ಚಿದ್ದನ್ನೇ ಮತ್ತೆ ಹಾಕದೆ ಹೊಸದನ್ನು ಮ್ಯಾನುವಲ್ ಹೇಳಿದ ಟಾರ್ಕಿಗೆ ಬಿಗಿಯಿರಿ.